ಅ ಆ ಇ ಈ ನಾ, ರ ಗ ಸ ದ ಅ ನಾ? ಇಬ್ರು ಮಕ್ಕಳಿಗೆ ಎರಡು ಥರ ಕಲ್ಸಿ ನೋಡಿದ್ದು

ದೊಡ್ಡವನು ಯುಕೆಜಿಲಿ ಇದ್ದಾಗ ಎಲ್ಲರ ಥರ ನಾನೂ ಗೋಡೆಗೆ ವರ್ಣಮಾಲೆ ಚಾರ್ಟ್ ಅಂಟಿಸಿ ಅ ಇಂದಲೇ ಶುರು ಮಾಡಿದ್ದೆ. 49 ಅಕ್ಷರನೂ ರಾಗವಾಗಿ ಒಪ್ಪಿಸೋನು, ಆದ್ರೆ ಮಧ್ಯದಲ್ಲಿ ಒಂದು ತೋರ್ಸಿ ಇದೇನಪ್ಪ ಅಂದ್ರೆ ಮತ್ತೆ ಮೊದಲಿಂದ ಹೇಳ್ಕೊಂಡೇ ಅಲ್ಲಿಗೆ ಬರ್ಬೇಕು. ಶುರುವಲ್ಲಂತೂ ತಿಂಗಳುಗಟ್ಟಲೆ ಕಲಿತ್ರೂ ಓದೋಕೆ ಅಂತ ಒಂದು ಪದ ಇಲ್ಲ, ಬರೀ ಸ್ವರ ಇಟ್ಕೊಂಡು ಮಗು ಏನು ಓದತ್ತೆ ಹೇಳಿ. ಋ ಗೆ ಋಷಿ ಅಂತ ಚಿತ್ರ ಬೇರೆ, ಪಾಪ ಅವನು ಋಷಿನ ಎಲ್ಲಿ ನೋಡಿರ್ತಾನೆ.

ಚಿಕ್ಕವಳ ಸರದಿ ಬಂದಾಗ, ಸರ್ಕಾರಿ ಶಾಲೆಲಿ ನಲಿ ಕಲಿ (ಚಿಕ್ಕ ಮಕ್ಕಳು ಆಡ್ತಾ ಹಾಡ್ತಾ ಕಲಿಯೋ ಪದ್ಧತಿ) ಕ್ಲಾಸ್ ತಗೊಳ್ಳೋ ನಮ್ಮತ್ತಿಗೆ "ಮೊದಲು ರ ಗ ಸ ದ ಅ ಇಷ್ಟೇ ಕಲ್ಸು, ಚಾರ್ಟ್ ಎತ್ತಿಡು" ಅಂದ್ರು. ನಲಿ ಕಲಿ 1995ರಲ್ಲಿ ಎಚ್.ಡಿ. ಕೋಟೆಲಿ ಶುರುವಾಗಿದ್ದು, ಅದರಲ್ಲಿ ಅಕ್ಷರದ ಕ್ರಮನೇ ಬೇರೆ. ಈ ಐದು ಬಂದ್ರೆ ಸಾಕು ಸರ, ರಸ, ದರ, ಅರಸ, ಅಗಸ, ಗರಗಸ ಎಲ್ಲ ಓದ್ಬೋದು, ಕಾಗುಣಿತ ಬೇಡ ಒತ್ತಕ್ಷರ ಬೇಡ. ಒಂದೊಂದು ಅಕ್ಷರಕ್ಕೂ ಒಂದು ಚಪ್ಪಾಳೆ, ಗ-ರ-ಗ-ಸ ಅಂತ ನಾಲ್ಕು. ಎರಡನೇ ವಾರದಲ್ಲಿ ಒಂದಿನ ಅವಳೇ ಬೆರಳಿಟ್ಟು ಗ... ರ... ಗ... ಸ... ಅಂತ ಕೂಡಿಸ್ಕೊಂಡು, ತಟ್ಟಂತ "ಗರಗಸ!" ಅಂದು ನನ್ನ ಮುಖ ನೋಡಿದ್ಲು, ಆ ಖುಷಿ ದೊಡ್ಡವನಿಗೆ ಯುಕೆಜಿ ಮುಗಿಯೋವರೆಗೂ ಸಿಕ್ಕಿರ್ಲಿಲ್ಲ ಅಂತ ಹೊಟ್ಟೆ ಚುರುಕ್ ಅಂತು. ಆಮೇಲೆ ಜ ವ ಮ ಬ ನ ಸೇರಿಸಿದ್ವಿ, ಮರ ಜನ ದನ ಬಸವ ಅಂತ ಪದ ಬೆಳೀತಾ ಹೋಯ್ತು.

ಬರೆಸೋಕೂ ಬೇರೆಬೇರೆ ಟ್ರೈ ಮಾಡ್ದೆ. ಮೊಬೈಲ್ ಆ್ಯಪಲ್ಲಿ ಚುಕ್ಕಿ ಮೇಲೆ ಬೆರಳು ಎಳೆದ್ರೆ ಸ್ಟಾರ್ ಬರತ್ತೆ, ಅವಳ ಗಮನ ಪೂರ್ತಿ ಸ್ಟಾರ್ ಮೇಲೆ, ಚುಕ್ಕಿ ಇಲ್ದೆ ಬರಿ ಅಂದ್ರೆ ಬರ್ತಿರ್ಲಿಲ್ಲ. ಅಕ್ಷರಾಭ್ಯಾಸದಲ್ಲಿ ಬರೆಸ್ತೀವಲ್ಲ ಹಾಗೆ ಅಕ್ಕಿ ತಟ್ಟೆ ಕೊಟ್ಟೆ, ಕಾಳು ದಪ್ಪ, ಗ ಸರಿಯಾಗಿ ಬರತ್ತೆ ಆದ್ರೆ ಅ ಅಕ್ಷರದ ಸುರುಳಿ ಕಾಣಲ್ಲ. ರಾಗಿ ಹಿಟ್ಟು ಮನೆಯೆಲ್ಲ ಹಾರತ್ತೆ. ಗೆದ್ದಿದ್ದು ಸಣ್ಣ ರವೆ, ಸ್ಟೀಲ್ ತಟ್ಟೆಲಿ ತೆಳ್ಳಗೆ ಹರಡ್ಬೇಕು ಅಷ್ಟೇ, ತಪ್ಪಾದ್ರೆ ತಟ್ಟೆ ಅಲ್ಲಾಡಿಸಿದ್ರೆ ಆಯ್ತು, ಸ್ಲೇಟಲ್ಲಿ ಅಳಿಸುವಾಗ ಬರೋ ಅಳು ಇಲ್ಲ.

ಒಂದು ತೊಂದ್ರೆ ಇದೆ, ಅವಳ ಶಾಲೆಲಿ ವರ್ಣಮಾಲೆ ಕ್ರಮವಾಗಿ ಒಪ್ಪಿಸು ಅಂತಾರೆ, ಅಲ್ಲಿ ತಡವರಿಸ್ತಾಳೆ. ಅದಕ್ಕೆ ಚಾರ್ಟ್ ಮತ್ತೆ ಗೋಡೆಗೆ ಬಂದಿದೆ, ಸಂಜೆ ಅವಳಣ್ಣನೇ ರಾಗ ಎಳೆದು ಹೇಳ್ಕೊಡ್ತಾನೆ.