ಕೊನೆ ಪ್ಯಾರಾನ ನಾಲ್ಕು ಥರ ಬರೆದು ನೋಡಿದೆ

ಹೋದ ಸೆಮಿಸ್ಟರ್‌ನಲ್ಲಿ ನನ್ನ ಪ್ರಬಂಧ ವಾಪಸ್ ಬಂತು. ಎಂ.ಎ. ಅರ್ಥಶಾಸ್ತ್ರ, ಎರಡು ಸಾವಿರ ಪದ. ಪ್ರಶ್ನೆ: ‘ಸಂಸ್ಕರಿಸಿದ ನೀರು ಕೋಲಾರದ ಕೆರೆಗಳನ್ನು ಉಳಿಸಿತೇ?’ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ) ಯೋಜನೆಯ ಬಗ್ಗೆ. ಒಳಗೆಲ್ಲ ಟಿಕ್ ಮಾರ್ಕು ಇತ್ತು. ಕೊನೆ ಪ್ಯಾರಾದ ಪಕ್ಕ ಮಾತ್ರ ಕೆಂಪು ಇಂಕಿನಲ್ಲಿ ‘ಇದೆಲ್ಲ ಮೇಲೇ ಇದೆ’ ಅಂತ ಬರೆದಿತ್ತು.

ತಿದ್ದಿ ಕೊಡಲು ಒಂದು ವಾರ ಟೈಮ್ ಸಿಕ್ಕಿತು. ಉಳಿದದ್ದನ್ನು ಮುಟ್ಟದೆ ಕೊನೆ ಪ್ಯಾರಾ ಒಂದನ್ನೇ ನಾಲ್ಕು ಥರ ಬರೆದೆ. ಮೂವರಿಗೆ ಓದಿಸಿದೆ: ನಮ್ಮ ಮೇಡಂ, ಕೆಎಎಸ್‌ಗೆ ಓದುತ್ತಿರುವ ರೂಮ್‌ಮೇಟ್, ನರಸಾಪುರದ ಕಡೆ ಟೊಮೆಟೊ ಬೆಳೆಯುವ ನಮ್ಮ ಚಿಕ್ಕಮ್ಮ.

ಮೊದಲನೆಯದು ಕೆಂಪು ಇಂಕು ಬಿದ್ದಿದ್ದೇ, ಸ್ವಲ್ಪ ಒಪ್ಪ ಮಾಡಿದ್ದು. ಹೈಸ್ಕೂಲಿನಲ್ಲಿ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಅಂತ ಹೇಳಿಕೊಟ್ಟಿದ್ದರಲ್ಲ, ಅದೇ ದಾರಿ. ‘ಒಟ್ಟಾರೆಯಾಗಿ ಹೇಳುವುದಾದರೆ, ವರ್ಷವಿಡೀ ಹರಿಯುವ ನದಿ ಇಲ್ಲದ ಕೋಲಾರಕ್ಕೆ ಕೆರೆಗಳೇ ಆಧಾರ. 2018ರಲ್ಲಿ ಕೆ.ಸಿ. ವ್ಯಾಲಿ ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಅಂತರ್ಜಲ ಏರಿತು. ಗುಣಮಟ್ಟದ ಬಗ್ಗೆ ಆತಂಕವೂ ಇದೆ.’ ತಪ್ಪು ಒಂದೂ ಇಲ್ಲ. ಆದರೆ ಎಂಟು ಪುಟ ಓದಿ ಬಂದವರಿಗೆ ಅದೇ ಎಂಟು ಪುಟವನ್ನು ಚಿಕ್ಕ ಪೊಟ್ಟಣ ಕಟ್ಟಿ ವಾಪಸ್ ಕೊಟ್ಟ ಹಾಗೆ. ಪ್ರಶ್ನೆ ‘ಉಳಿಸಿತೇ’ ಅಂತ ಕೇಳಿದರೆ ನಾನು ‘ಹೀಗೆಲ್ಲ ಆಯಿತು’ ಅಂದಿದ್ದೆ.

ಎರಡನೆಯದು ಗಾದೆಯಲ್ಲಿ ಮುಗಿಸುವುದು. ‘ಹನಿ ಹನಿ ಕೂಡಿದರೆ ಹಳ್ಳ’ ಅಂತ ಹಾಕಿದೆ. ನೀರಿನ ವಿಷಯ, ನೀರಿನ ಗಾದೆ, ಬರೆಯುವಾಗ ಭಾರಿ ಖುಷಿ. ರೂಮ್‌ಮೇಟ್ ನಕ್ಕುಬಿಟ್ಟಳು. ‘ಬೆಂಗಳೂರಿಂದ ಪೈಪಲ್ಲಿ ದಿನಕ್ಕೆ 44 ಕೋಟಿ ಲೀಟರ್ ಪಂಪ್ ಮಾಡೋ ಯೋಜನೆ ಕಣೇ ಅದು. ಇದರಲ್ಲಿ ಹನಿ ಎಲ್ಲಿ ಬಂತು?’ ಅವಳು ಹೇಳಿದ್ದು ಸರಿ. ಗಾದೆಗೋ ವಚನಕ್ಕೋ ಕೊನೆ ಮಾತು ಬಿಟ್ಟುಕೊಟ್ಟರೆ ನಮ್ಮ ತೀರ್ಮಾನ ನಾವು ಹೇಳಿದಂತಾಗುವುದಿಲ್ಲ. ಭಾಷಣ ಸ್ಪರ್ಧೆಗೆ ಇಟ್ಟುಕೊಳ್ಳಿ, ಅಲ್ಲಿ ಚಪ್ಪಾಳೆ ಬೀಳುತ್ತದೆ.

ಮೂರನೆಯದು ಕರೆ ಕೊಡುವ ಥರ. ಸರ್ಕಾರ, ಸಂಘ ಸಂಸ್ಥೆಗಳು, ಸಾರ್ವಜನಿಕರು ಎಲ್ಲರೂ ಕೈಜೋಡಿಸಿದರೆ ಮಾತ್ರ ಇತ್ಯಾದಿ. ಚಿಕ್ಕಮ್ಮನಿಗೆ ಇದೇ ಇಷ್ಟವಾಯಿತು, ‘ಚೆನ್ನಾಗೈತಮ್ಮ, ಟಿವಿಯಲ್ಲಿ ಹೇಳ್ದಂಗೈತೆ’ ಅಂದರು. ತೊಂದರೆ ಇರುವುದೂ ಅಲ್ಲೇ. ನಮ್ಮ ಮಾವನ ಮಗ ಎಸ್‌ಎಸ್‌ಎಲ್‌ಸಿ, ಅವನ ಪ್ಲಾಸ್ಟಿಕ್ ಪ್ರಬಂಧಕ್ಕೆ ಈ ಪ್ಯಾರಾ ಎತ್ತಿ ಅಂಟಿಸಿ ನೋಡಿದೆ. ‘ಕೆರೆ’ ಇದ್ದ ಕಡೆ ‘ಪರಿಸರ’ ಅಂತ ಹಾಕಿದ್ದಷ್ಟೇ, ಒಂದು ಅಕ್ಷರ ಅಲುಗದೆ ಕೂತುಕೊಂಡಿತು. ಬೇರೆಯವರ ಪ್ರಬಂಧಕ್ಕೂ ಸರಿಹೋಗುವ ಕೊನೆ ಪ್ಯಾರಾ ನಮ್ಮದಲ್ಲ, ಅಲ್ವಾ? ಇದು ನನಗೆ ಸಿಕ್ಕ ಒಳ್ಳೆ ಪರೀಕ್ಷೆ. ಈಗ ಯಾವುದೇ ಪ್ರಬಂಧ ಬರೆದರೂ ಮಾಡುತ್ತೇನೆ. (‘ಈ ಬಗ್ಗೆ ಇನ್ನೂ ಹೆಚ್ಚಿನ ಅಧ್ಯಯನ ಅಗತ್ಯ’ ಅನ್ನುವ ಸಾಲೂ ಇದೇ ಜಾತಿ. ಯಾವ ಅಧ್ಯಯನ ಅಂತ ಹೇಳಲಾಗದಿದ್ದರೆ ಬರೆಯದಿರುವುದೇ ವಾಸಿ.)

ನಾಲ್ಕನೆಯದು ನಾನು ಯೋಚನೆ ಮಾಡಿ ಹಿಡಿದಿದ್ದಲ್ಲ. ಭಾನುವಾರ ಚಿಕ್ಕಮ್ಮನ ಮನೆಯಲ್ಲಿ ಊಟಕ್ಕೆ ಕೂತಾಗ ಪ್ರಬಂಧದಲ್ಲಿ ಏನಿದೆ ಅಂತ ಬಾಯಲ್ಲಿ ಹೇಳುತ್ತಾ ಹೋದೆ. ಕೆರೆ ತುಂಬಿತು, ಬೋರ್‌ನಲ್ಲಿ ನೀರು ಬಂತು ಅಂತೆಲ್ಲ. ಸಾರು ಬಡಿಸುತ್ತಾ ‘ಅದಕ್ಕೇನೀಗ?’ ಅಂದರು. ಬೈದದ್ದಲ್ಲ, ನಿಜವಾಗಲೂ ಕೇಳಿದ್ದು. ‘ನೀರು ಬಂದಿದ್ದು ನಂಗೂ ಗೊತ್ತು. ಹೊಲಕ್ಕೆ ಬಿಡ್ತೀವಿ. ಕುಡಿಯಕ್ಕೆ ನಿಮ್ಮ ಚಿಕ್ಕಪ್ಪ ಈಗಲೂ ಘಟಕಕ್ಕೆ ಹೋಗಿ 5 ರೂಪಾಯಿ ಕಾಯಿನ್ ಹಾಕಿ ಕ್ಯಾನ್ ತುಂಬ್ಕೊಂಡು ಬರ್ತಾರೆ. ಅದು ಬರ್ದಿದ್ಯಾ?’

ಬರೆದಿರಲಿಲ್ಲ. ಬಸ್ಸಿನಲ್ಲೇ ಫೋನಿನಲ್ಲಿ ಟೈಪ್ ಮಾಡಿದೆ:

‘ಹೊಲಕ್ಕೆ ಬೋರ್ ನೀರು ಹರಿಸುವ ಮನೆಯಲ್ಲೇ ಕುಡಿಯಲು ಕ್ಯಾನ್ ನೀರು ತರುತ್ತಾರೆ. ಈ ನೀರನ್ನು ಕುಡಿಯುವ ಮಟ್ಟಕ್ಕಲ್ಲ, ಎರಡನೇ ಹಂತದವರೆಗೆ ಮಾತ್ರ ಶುದ್ಧೀಕರಿಸಿ ಅಂತರ್ಜಲ ಹೆಚ್ಚಿಸಲು ಬಿಟ್ಟಿರುವುದರಿಂದ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಹಾಗಾಗಿ ‘ಉಳಿಸಿತೇ’ ಎಂಬ ಪ್ರಶ್ನೆಗೆ ಉತ್ತರ ಎರಡು ಭಾಗದ್ದು. ಬೇಸಾಯದ ಮಟ್ಟಿಗೆ ಉಳಿಸಿದೆ. ಊರಿನವರು ಬೊಗಸೆಯಲ್ಲಿ ಎತ್ತಿ ಕುಡಿಯುತ್ತಿದ್ದ ಕೆರೆಯನ್ನು ಉಳಿಸಿಲ್ಲ. ಮೂರನೇ ಹಂತದ ಶುದ್ಧೀಕರಣದ ಬೇಡಿಕೆಯನ್ನು ಈ ವ್ಯತ್ಯಾಸದ ಬೆಳಕಿನಲ್ಲಿ ನೋಡಬೇಕು.’

ಮೇಡಂ ಎರಡು ಸಲ ಓದಿದರು. ‘ಈಗ ಪ್ರಶ್ನೆಗೆ ಉತ್ತರ ಕೊಟ್ಟಿದ್ದೀಯ. ಆದರೆ ಕ್ಯಾನ್ ನೀರಿನ ವಿಷಯ ಒಳಗೆ ಎಲ್ಲಿದೆಯಮ್ಮ?’ ಎಲ್ಲೂ ಇರಲಿಲ್ಲ. ಹೊಸ ಪುರಾವೆಯನ್ನು ಸೀದಾ ಕೊನೆಗೆ ತಂದು ಕೂರಿಸಿದ್ದೆ. ಕೊನೆ ಪ್ಯಾರಾದಲ್ಲಿ ಹೊಸ ಮಾತು ಹೇಳಬಹುದು, ಹೊಸ ಸಾಕ್ಷಿ ತರುವ ಹಾಗಿಲ್ಲ ಅಂದರು. ಸಾಕ್ಷಿಯನ್ನು ಪರಿಶೀಲಿಸಲು ಅಲ್ಲಿ ಜಾಗ ಇರುವುದಿಲ್ಲವಲ್ಲ. ಹಾಗಾಗಿ ಮತ್ತೆ ಊರಿಗೆ ಹೋದೆ. ಅಕ್ಕಪಕ್ಕದ ಹತ್ತು ಮನೆಗೆ ಹೋಗಿ ಕುಡಿಯುವ ನೀರು ಎಲ್ಲಿಂದ ಅಂತ ಕೇಳಿ ಬರೆದುಕೊಂಡು, ಐದನೇ ಪುಟದಲ್ಲಿ ಒಂದೂವರೆ ಪ್ಯಾರಾ ಸೇರಿಸಿದೆ. ಅದಕ್ಕೆ ಜಾಗ ಮಾಡಲು ಅಲ್ಲಿದ್ದ ಯೋಜನೆಯ ಇತಿಹಾಸದಲ್ಲಿ ಅರ್ಧ ಕತ್ತರಿಸಿದೆ. ಕತ್ತರಿಸಿದ್ದು ಯಾರ ಗಮನಕ್ಕೂ ಬರಲಿಲ್ಲ. ಕೊನೆ ಪ್ಯಾರಾ ತಿದ್ದಲು ಹೋಗಿ ನಡುವಿನ ಪುಟ ರಿಪೇರಿ ಆಯಿತು.

ಹಾಗಂತ ನಾಲ್ಕನೆಯದೇ ಎಲ್ಲ ಕಡೆ ಗೆಲ್ಲುತ್ತದೆ ಅಂತ ಅಲ್ಲ. ಕೆಎಎಸ್ ಮುಖ್ಯ ಪರೀಕ್ಷೆಯಲ್ಲಿ ಪ್ರಬಂಧ ಪತ್ರಿಕೆಗೆ 250 ಅಂಕ. ರೂಮ್‌ಮೇಟ್ ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡುತ್ತಾಳೆ. ಅವಳ ಜೊತೆ ನಾನೂ ಒಂದು ಸಲ ಕೂತೆ. ‘ಅದಕ್ಕೇನೀಗ’ ಹುಡುಕುತ್ತಾ ಪೆನ್ನು ಕಚ್ಚಿಕೊಂಡು ಕೂತು ಟೈಮ್ ಮುಗಿಯಿತು, ಪ್ಯಾರಾ ಅರ್ಧಕ್ಕೇ ನಿಂತಿತು. ಅವಳು ಸಾರಾಂಶದ ಥರವೇ ಬರೆದಳು, ನಾಲ್ಕೇ ನಿಮಿಷ. ಆದರೆ ಒಂದು ಜಾಣತನ ಮಾಡಿದ್ದಳು. ‘ಒಟ್ಟಾರೆ’ ಅಂತ ಶುರು ಮಾಡದೆ, ಮೊದಲ ಸಾಲಿನಲ್ಲೇ ಪ್ರಶ್ನೆಗೆ ಉತ್ತರ ಹೇಳಿ, ಆಮೇಲೆ ಅದಕ್ಕೆ ಕಾರಣವಾದ ಎರಡು ಅಂಶ ನೆನಪಿಸಿದ್ದಳು. ಹಾಲ್‌ನಲ್ಲಿ ಕೂತು ಬರೆಯುವುದಾದರೆ ನಾನು ಅವಳದ್ದೇ ತಗೊಳ್ಳುತ್ತೇನೆ. ಮನೆಯಲ್ಲಿ ಕೂತು ತಿದ್ದಿ ಬರೆಯಲು ವಾರ ಇದ್ದರೆ ಚಿಕ್ಕಮ್ಮನ ಪ್ರಶ್ನೆ.

ಉದ್ದ ಎಷ್ಟಿರಬೇಕು ಅಂತ ತುಂಬಾ ಜನ ಕೇಳುತ್ತಾರೆ. ನನ್ನ ಎರಡು ಸಾವಿರ ಪದಕ್ಕೆ ನೂರೈವತ್ತರ ಹತ್ತಿರ ಸಾಕಾಯಿತು. ಮೊದಲ ಕರಡು ಮುನ್ನೂರು ಇತ್ತು, ಅರ್ಧ ಸುಮ್ನೆ ಉಪ್ಪಿನಕಾಯಿ.

ತಿದ್ದಿದ್ದನ್ನು ಚಿಕ್ಕಮ್ಮನಿಗೆ ಫೋನಿನಲ್ಲೇ ಓದಿದೆ. ಪೂರ್ತಿ ಕೇಳಿಸಿಕೊಂಡು, ‘5 ರೂಪಾಯಿ ಅಂತ ಬರ್ದೆ ಸರಿ, ಪೆಟ್ರೋಲ್ ಯಾರು ಕೊಡ್ತಾರೆ?’ ಅಂದರು.