ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್: ಬಳಸಿ ನೋಡಿದ ಮೇಲೆ

ಇನ್ವರ್ಟರ್‌ನ ಲೆಡ್ ಆಸಿಡ್ ಬ್ಯಾಟರಿಗೆಂದು ತಂದ 5 ಲೀಟರ್ ಡಿಸ್ಟಿಲ್ಡ್ ವಾಟರ್ ಕ್ಯಾನನ್ನು ತೆರೆದ ಕೂಡಲೇ ಅದರಲ್ಲಿ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿರುವ ಲವಣಗಳ ಪ್ರಮಾಣ ತೋರಿಸುವ ಸಾಧನ) ಅದ್ದಿ ನೋಡಿದೆ. ಮೀಟರ್ 1 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಭಾಗ) ತೋರಿಸಿತು. ಮನೆಯ ಆರ್‌ಓ ನೀರು 40ರ ಆಸುಪಾಸಿನಲ್ಲಿತ್ತು. ಕುಡಿಯಲು ಯೋಗ್ಯವಾದ ನೀರೆಲ್ಲ ಬ್ಯಾಟರಿಗೂ ಯೋಗ್ಯವೆಂಬ ನಂಬಿಕೆ ತಪ್ಪು. ನೀರಿನಲ್ಲಿರುವ ಕಬ್ಬಿಣದ ಅಂಶದಿಂದ ಬ್ಯಾಟರಿ ತಾನಾಗಿಯೇ ಚಾರ್ಜ್ ಕಳೆದುಕೊಳ್ಳುತ್ತದೆ, ಕ್ಲೋರೈಡ್ ಸೀಸದ ಪ್ಲೇಟುಗಳನ್ನು ತಿನ್ನುತ್ತದೆ. ಚಾರ್ಜ್ ಆಗುವಾಗ ಹೊರಹೋಗುವುದು ಬಹುಪಾಲು ನೀರು ಮಾತ್ರವಾದ್ದರಿಂದ, ಪ್ರತಿ ಸಲ ತುಂಬಿದ ನೀರಿನ ಲವಣವೆಲ್ಲ ಒಳಗೇ ಕೂಡಿಕೊಳ್ಳುತ್ತ ಹೋಗುತ್ತದೆ. ಆಸಿಡ್ ಕೂಡ ಹೀಗೆಯೇ ಒಳಗೇ ಉಳಿಯುವುದರಿಂದ, ಮತ್ತೆ ಆಸಿಡ್ ಸೇರಿಸಬಾರದೆನ್ನುತ್ತಾರೆ.

ನೀರಿನ ಗುಣಮಟ್ಟದ ಬಗ್ಗೆ ನನಗೆ ಪೂರ್ಣ ತೃಪ್ತಿಯಿದೆ. ಆದರೆ ಕ್ಯಾನಿನ ಬಾಯಿ ತೀರ ಅಗಲವಾಗಿದ್ದು, ಮೊದಲ ಸೆಲ್‌ಗೆ ಸುರಿಯುವಾಗಲೇ ನೀರು ಬ್ಯಾಟರಿಯ ಮೇಲೆಲ್ಲ ಚೆಲ್ಲಿತು. ಸ್ವಚ್ಛವಾದ ಪ್ಲಾಸ್ಟಿಕ್ ಆಲಿಕೆ ಬಳಸುವುದು ಒಳ್ಳೆಯದು, ಲೋಹದ್ದಂತೂ ಬೇಡವೇ ಬೇಡ. ಶುದ್ಧತೆಯ ಅಳತೆಯನ್ನು ಲೇಬಲ್ಲಿನಲ್ಲಿ ನಮೂದಿಸದಿರುವುದು ದೊಡ್ಡ ಕೊರತೆ. ಪ್ಲೇಟುಗಳು ಮುಳುಗಿರುವವರೆಗೆ ನೀರು ತುಂಬಲು ಅವಸರವಿಲ್ಲ: ಚಾರ್ಜ್ ಆಗುವಾಗ ಒಳಗಿನ ಆಸಿಡ್ ದ್ರಾವಣ ಉಬ್ಬುವುದರಿಂದ, ಪೂರ್ಣ ಚಾರ್ಜ್ ಆದ ಮೇಲೆಯೇ ಗುರುತಿನವರೆಗೆ ತುಂಬಬೇಕು.