ಗಿಟ್-ಫ್ಲೋನೋ, ರಿಬೇಸೋ? ನನ್ನ ಓಟು ಚಿಕ್ಕ ಬ್ರಾಂಚಿಗೆ

ಕೋಡಿನ ಬದಲಾವಣೆಗಳ ಲೆಕ್ಕವಿಡುವ ಗಿಟ್ ಬಳಸಿ, ಹತ್ತು ಜನ ಕೈಯಾಡಿಸುವ ಪ್ರಾಜೆಕ್ಟಿಗೆ ಕೋಡ್ ಕಳಿಸಲು ನನಗೆ ಒಗ್ಗಿದ ದಾರಿ ಒಂದೇ: ಫೋರ್ಕ್ (ಪ್ರಾಜೆಕ್ಟಿನ ನನ್ನದೇ ಪ್ರತಿ), ಒಂದು ಕೆಲಸಕ್ಕೆ ಒಂದು ಚಿಕ್ಕ ಬ್ರಾಂಚ್ (ಕೋಡಿನ ಪ್ರತ್ಯೇಕ ಕವಲು), ಎರಡು-ಮೂರು ದಿನದೊಳಗೆ ರಿಬೇಸ್ ಮಾಡಿ (ನನ್ನ ಬದಲಾವಣೆಗಳನ್ನು ಮುಖ್ಯ ಬ್ರಾಂಚಾದ ಮೇನ್‌ನ ಹೊಸ ತುದಿಗೆ ಮತ್ತೆ ಹಚ್ಚಿ) ಪುಲ್ ರಿಕ್ವೆಸ್ಟ್ (ಸೇರಿಸಿಕೊಳ್ಳಿ ಎಂಬ ಕೋರಿಕೆ). ಫೋರ್ಕಿನ ಮೇನ್‌ನಲ್ಲಿ ಮಾತ್ರ ಒಂದು ಕಮಿಟ್ಟೂ (ದಾಖಲಿಸಿದ ಬದಲಾವಣೆ) ಹಾಕಬೇಡಿ.

ಗಿಟ್-ಫ್ಲೋ ಕೂಡ ಬಳಸಿ ನೋಡಿದ್ದಾಯಿತು. 2010ರಲ್ಲಿ ವಿನ್ಸೆಂಟ್ ಡ್ರಿಸೆನ್ ಬರೆದಿಟ್ಟ ಪದ್ಧತಿ ಅದು. ಮಾಸ್ಟರ್ (ಬಿಡುಗಡೆಯಾದ ಕೋಡ್), ಡೆವಲಪ್ (ತಯಾರಾಗುತ್ತಿರುವ ಕೋಡ್) ಎರಡೂ ಕಾಯಂ ಬ್ರಾಂಚ್‌ಗಳು. ಹಾಟ್‌ಫಿಕ್ಸನ್ನು (ತುರ್ತು ದುರಸ್ತಿ) ಮಾಸ್ಟರ್‌ಗೆ ಸೇರಿಸಿ ಡೆವಲಪ್‌ಗೆ ಸೇರಿಸಲು ಮರೆತಿರೋ, ಸತ್ತ ಬಗ್ ಮುಂದಿನ ರಿಲೀಸಿನಲ್ಲಿ ಎದ್ದು ಕೂರುತ್ತದೆ. ಏಕಕಾಲಕ್ಕೆ ಹಲವು ವರ್ಷನ್ ಸಾಕುವ ತಂಡಕ್ಕೆ ಸರಿ. ಆಗಾಗ ಡಿಪ್ಲಾಯ್ ಆಗುವ ವೆಬ್ ಆ್ಯಪ್‌ಗೆ ಇದಕ್ಕಿಂತ ಸರಳವಾದದ್ದು ಸಾಕೆಂದು 2020ರಲ್ಲಿ ಡ್ರಿಸೆನ್ ಅವರೇ ಟಿಪ್ಪಣಿ ಹಾಕಿದರು.

ಬದಲಾವಣೆಯನ್ನು ಇಮೇಲಿನಲ್ಲೇ ಕಳಿಸುವ ಲಿನಕ್ಸ್ ಕರ್ನಲ್ಲಿನ ಪ್ಯಾಚ್ ದಾರಿ? ಅಲ್ಲಿಗೆ ಹೋಗುವವರು ಕಲಿಯಲಿ.

ಮೇನನ್ನು ಆಗಾಗ ಬ್ರಾಂಚಿಗೆ ಮರ್ಜ್ ಮಾಡಿಕೊಂಡರೆ ರಿಬೇಸಿನಲ್ಲಿರುವಂತೆ ಫೋರ್ಸ್ ಪುಶ್ಶಿನ (ಸರ್ವರಿನಲ್ಲಿರುವ ಹಳೆಯ ಕಮಿಟ್‌ಗಳನ್ನು ಬಲವಂತವಾಗಿ ಬದಲಿಸುವ) ಗೊಡವೆಯಿಲ್ಲ. ಒಂದೇ ಬ್ರಾಂಚಿನಲ್ಲಿ ಇಬ್ಬರಿದ್ದರೆ ನಾನೂ ಹಾಗೇ ಮಾಡುತ್ತೇನೆ.

ನನ್ನ ಮೆಚ್ಚಿನ ದಾರಿಯಲ್ಲೂ ಒಂದು ಮುಳ್ಳಿದೆ: ಸ್ಕ್ವಾಶ್ ಮರ್ಜ್. 'ಲಾಗಿನ್' ಬ್ರಾಂಚಿನಲ್ಲಿ ಮೂರು ಕಮಿಟ್. ರಿವ್ಯೂ ಮುಗಿಯುವಷ್ಟರಲ್ಲಿ ಅದರ ಮೇಲೇ 'ಟೆಸ್ಟ್' ಬ್ರಾಂಚ್ ಕಟ್ಟಿದ್ದೀರಿ ಎನ್ನಿ. ಅತ್ತ ಆ ಮೂರನ್ನೂ ಕುಟ್ಟಿ ಒಂದೇ ಕಮಿಟ್ ಮಾಡಿ ಮೇನ್‌ಗೆ ಸೇರಿಸುತ್ತಾರೆ. 'ಟೆಸ್ಟ್' ಹೊಟ್ಟೆಯಲ್ಲಿ ಹಳೆಯ ಮೂರೂ ಹಾಗೇ ಇರುತ್ತವೆ. ಒಂದೇ ಕಮಿಟ್ ಆಗಿದ್ದರೆ ಅದೇ ಬದಲಾವಣೆ ಎಂದು ಗಿಟ್ ಗುರುತಿಸಿ ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ಮೂರು ಒಂದಾದಾಗ ಗುರುತು ಸಿಗುವುದಿಲ್ಲ. ಬರಿದೇ ರಿಬೇಸ್ ಮಾಡಿದರೆ ಮೂರನ್ನೂ ಮತ್ತೆ ಹಚ್ಚಲು ಹೋಗಿ, ನೀವೇ ಬರೆದ ಸಾಲಿಗೆ ನೀವೇ ಬರೆದ ಸಾಲು ಕಾನ್ಫ್ಲಿಕ್ಟ್ ಆಗಿ ನಿಲ್ಲುತ್ತದೆ.

ಬಿಡಿಸುವುದು ಹೀಗೆ: ಗಿಟ್ ರಿಬೇಸ್ --ಅಬಾರ್ಟ್ ಕೊಟ್ಟು ಹಿಂದೆ ಬನ್ನಿ. ಅಪ್‌ಸ್ಟ್ರೀಮ್‌ನಿಂದ (ಮೂಲ ಪ್ರಾಜೆಕ್ಟಿನಿಂದ) ಮೇನ್ ಎಳೆದುಕೊಳ್ಳಿ. ಆಮೇಲೆ

ಗಿಟ್ ರಿಬೇಸ್ --ಆನ್‌ಟು ಮೇನ್ ಲಾಗಿನ್ ಟೆಸ್ಟ್ (git rebase --onto main login test)

'ಲಾಗಿನ್' ನಂತರದ ಕಮಿಟ್‌ಗಳನ್ನಷ್ಟೇ ಎತ್ತಿ ಮೇನ್ ಮೇಲಿಡು ಎಂದರ್ಥ. ಮರ್ಜ್ ಆಯಿತೆಂದು 'ಲಾಗಿನ್' ಅಳಿಸಿಬಿಟ್ಟಿದ್ದರೆ ರಿಫ್ಲಾಗ್‌ನಲ್ಲಿ (ಗಿಟ್ ಇಟ್ಟುಕೊಳ್ಳುವ ದಿನಚರಿ) ಅದರ ಕೊನೆಯ ಕಮಿಟ್ಟಿನ ಹ್ಯಾಶ್ (ಗುರುತಿನ ಸಂಕೇತ) ಹುಡುಕಿ, ಹೆಸರಿನ ಜಾಗದಲ್ಲಿ ಕೊಡಿ. ಪುಶ್ ಮಾಡುವಾಗ --ಫೋರ್ಸ್ ಬೇಡ, --ಫೋರ್ಸ್-ವಿತ್-ಲೀಸ್ ಇರಲಿ: ನೀವು ನೋಡಿರದ ಬೇರೆಯವರ ಕಮಿಟ್ ಸರ್ವರಿನಲ್ಲಿದ್ದರೆ ಅದು ತಡೆಯುತ್ತದೆ. ಎಡಿಟರ್ ಹಿನ್ನೆಲೆಯಲ್ಲಿ ತಾನಾಗೇ ಫೆಚ್ ಮಾಡುತ್ತಿದ್ದರೆ (ಸರ್ವರಿನ ಹೊಸ ಕಮಿಟ್‌ಗಳನ್ನು ತರುತ್ತಿದ್ದರೆ) ಆ ಕಾವಲೂ ಸಡಿಲ. ಆ ಸೆಟ್ಟಿಂಗ್ ಆರಿಸಿಡಿ.

ಇಷ್ಟು ರಗಳೆಯಿದ್ದರೂ ನನಗೆ ರಿಬೇಸೇ ಸೈ. ಬಗ್ ಹುಡುಕಲು ಬೈಸೆಕ್ಟ್ (ಕಮಿಟ್‌ಗಳನ್ನು ಅರ್ಧರ್ಧ ಮಾಡುತ್ತಾ ಶೋಧಿಸುವ ಗಿಟ್ ಆಜ್ಞೆ) ಹಾಕುವ ಚಟ ನನ್ನದು. ನೇರ ಗೆರೆಯ ಲಾಗ್ ಇದ್ದರೆ ಯಾವ ಕಮಿಟ್ಟಿನದು ತಪ್ಪೆಂದು ಅದು ಬೊಟ್ಟಿಟ್ಟು ತೋರಿಸುತ್ತದೆ.